23ನೇ ಮಹಡಿಯಲ್ಲೊಂದು ಬಂಕರ್

ಬಂಕರ್ ಅಂದ್ರೆ ನೆಲದ ಕೆಳಗೆ ಇರುತ್ತೆ ಅಂದುಕೊಂಡಿದ್ದೀರಾ? ನ್ಯೂಯಾರ್ಕಿನ ದೊಡ್ಡವರ ಲೆಕ್ಕವೇ ಬೇರೆ. 1993ರಲ್ಲಿ ಉಗ್ರರು ವರ್ಲ್ಡ್ ಟ್ರೇಡ್ ಸೆಂಟರಿನ ನೆಲದಡಿಯ ಪಾರ್ಕಿಂಗಿನಲ್ಲಿ ಬಾಂಬ್ ತುಂಬಿದ ವ್ಯಾನ್ ಸಿಡಿಸಿ ಆರು ಜನರನ್ನು ಕೊಂದರು. ಇನ್ನು ಮುಂದೆ ಇಂಥದ್ದನ್ನು ನಿಭಾಯಿಸೋಕೆ ಒಂದು ತುರ್ತು ಕೇಂದ್ರ ಬೇಕು ಅಂತಾಯ್ತು. ಎಲ್ಲಿ ಮಾಡೋಣ ಅಂತ ಇಡೀ ಊರು ಹುಡುಕಿ ಕೊನೆಗೆ ಆರಿಸಿದ್ದು ಅದೇ ವರ್ಲ್ಡ್ ಟ್ರೇಡ್ ಸೆಂಟರಿನ 7ನೇ ಕಟ್ಟಡ, ಅದೂ 23ನೇ ಮಹಡಿ! ನೆಲದಡಿ ಬಾಂಬ್ ಸಿಡಿಯಿತಲ್ಲ, ಅದಕ್ಕೇ ಮೇಲೆ ಹತ್ತಿದರೇನೋ. ಮೇಯರ್ ಜೂಲಿಯಾನಿ ಕಾಲದಲ್ಲಿ, 1999ರಲ್ಲಿ, ಸುಮಾರು 1.3 ಕೋಟಿ ಡಾಲರ್ ಸುರಿದು ಶುರು ಮಾಡಿದ ಇದನ್ನು ಜನ ಬಂಕರ್ ಅಂತಲೇ ಕರೆದರು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ, ಅದು ಬೇಕೇ ಬೇಕಾದ ಹೊತ್ತಿಗೆ, ಒಳಗಿದ್ದವರೇ ಖಾಲಿ ಮಾಡಬೇಕಾಯ್ತು. ಸಂಜೆಗೆ ಕಟ್ಟಡವೇ ಇರಲಿಲ್ಲ.

ಇದು ಸಾಹೇಬರ ಬಂಕರ್ ಕಥೆ. ಜನಸಾಮಾನ್ಯರದ್ದು ಇನ್ನೂ ಚೆಂದ.

1961ರಲ್ಲಿ ಅಧ್ಯಕ್ಷ ಕೆನಡಿ ಅಣುಬಾಂಬಿನ ವಿಕಿರಣದಿಂದ ಜನರನ್ನು ಕಾಪಾಡೋಕೆ ಶೆಲ್ಟರ್ ಯೋಜನೆ ತಂದರು. ಶಾಲೆ, ಅಪಾರ್ಟ್‌ಮೆಂಟ್, ಕಂಡ ಕಂಡ ನೆಲಮಾಳಿಗೆಗೆಲ್ಲ 'ಇಲ್ಲಿ ಶೆಲ್ಟರ್ ಇದೆ' ಅನ್ನೋ ಹಳದಿ-ಕಪ್ಪು ಬೋರ್ಡು ಬಿತ್ತು. ಒಳಗೆ ಡಬ್ಬಿಗಟ್ಟಲೆ ಬಿಸ್ಕತ್ತು, ಡ್ರಮ್ಮುಗಟ್ಟಲೆ ನೀರು. ಕುಡಿದು ಖಾಲಿ ಮಾಡಿದ ಡ್ರಮ್ಮನ್ನೇ ಕಕ್ಕಸು ಮಾಡಿಕೊಳ್ಳಬೇಕು ಅನ್ನೋದೂ ಪ್ಲ್ಯಾನಿನಲ್ಲೇ ಇತ್ತು. (ಯಾವುದು ಖಾಲಿ, ಯಾವುದು ತುಂಬಿದ್ದು ಅಂತ ಕತ್ತಲಲ್ಲಿ ಹೇಗೆ ಗೊತ್ತಾಗಬೇಕು, ಕೇಳಬೇಡಿ.) ಬಾಂಬ್ ಬೀಳಲಿಲ್ಲ. 70ರ ದಶಕದಲ್ಲಿ ದುಡ್ಡು ನಿಂತಿತು, ಸರ್ಕಾರ ಮರೆತೂ ಬಿಟ್ಟಿತು.

ಎಷ್ಟು ಮರೆತಿತ್ತು ಅಂದ್ರೆ, 2006ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ತಪಾಸಣೆಗೆ ಹೋದ ಕೆಲಸಗಾರರಿಗೆ ಸೇತುವೆಯ ಬುಡದಲ್ಲೇ ಒಂದು ಉಗ್ರಾಣ ಸಿಕ್ಕಿತು. ಮೂರೂವರೆ ಲಕ್ಷ ಬಿಸ್ಕತ್ತು, ನೀರಿನ ಡ್ರಮ್ಮು, ಕಾಗದದ ಕಂಬಳಿ. ಕಂಬಳಿ ಪೆಟ್ಟಿಗೆ ಮೇಲೆ ಬರೆದಿತ್ತು: ಶತ್ರು ದಾಳಿ ಆದ ಮೇಲೆ ಮಾತ್ರ ಬಳಸಿ. ದಾಳಿ ಆಗಿ ಐದು ವರ್ಷ ಕಳೆದಿತ್ತು ಸ್ವಾಮಿ! ಅವತ್ತು ಸಾವಿರಾರು ಜನ ಮೈಯೆಲ್ಲ ಧೂಳು ಮೆತ್ತಿಕೊಂಡು ಇದೇ ಸೇತುವೆ ಮೇಲೆ ನಡೆದು ಮನೆ ಸೇರಿದ್ದರು. ಕಂಬಳಿ ಕಾಲ ಕೆಳಗೇ ಇತ್ತು. ಕೊಡಬೇಕಾದವರಿಗೇ ಗೊತ್ತಿರಲಿಲ್ಲ.

ಹಾಗಂತ ಸರ್ಕಾರ ಸುಮ್ನೆ ಕೂತಿತ್ತು ಅನ್ನಬೇಡಿ. ಉಗ್ರರ ದಾಳಿಯ ಅಪಾಯ ಎಷ್ಟಿದೆ ಅಂತ ತೋರಿಸೋಕೆ 2002ರಲ್ಲಿ ಐದು ಬಣ್ಣ ತಂದಿತು. 2011ರಲ್ಲಿ ಅದನ್ನು ಕೈಬಿಡೋವರೆಗೂ, ಅಪಾಯ ಕಮ್ಮಿ ಅನ್ನೋ ಹಸಿರು ಒಂದು ದಿನವೂ ಬರಲಿಲ್ಲ. 2003ರಲ್ಲಿ ಪ್ಲಾಸ್ಟಿಕ್ ಹಾಳೆ, ಗಮ್ ಟೇಪು ತಂದಿಟ್ಟುಕೊಳ್ಳಿ ಅಂದಿತು. ವಿಷಾನಿಲ ಬಂದ್ರೆ ಕಿಟಕಿಗೆ ಅಂಟಿಸಬೇಕಂತೆ. ಜನ ಮುಗಿಬಿದ್ದು ಎಷ್ಟೋ ಅಂಗಡಿಗಳಲ್ಲಿ ಟೇಪೇ ಖಾಲಿ.

ನಿಜ ಹೇಳಬೇಕಂದ್ರೆ ವ್ಯಾನ್ ಬಾಂಬಿಗೂ ವಿಮಾನಕ್ಕೂ ಆ ಹಳೇ ಶೆಲ್ಟರ್ ಏನೂ ಮಾಡ್ತಿರಲಿಲ್ಲ. ಆದರೂ ಬೆಂಕಿ ಬಿದ್ದಾಗ ಬಾವಿ ತೋಡೋರನ್ನು ನೋಡಿದ್ದೇವೆ, ಬೆಂಕಿ ಬಿದ್ದ ಮೇಲೆ ಇದ್ದ ಬಾವಿಯ ಬೋರ್ಡು ಕೀಳೋರು ಇವರೇ. 2017ರಲ್ಲಿ ನಗರದ ಶಾಲೆಗಳಿಂದ ಆ ಹಳದಿ ಬೋರ್ಡುಗಳನ್ನು ತೆಗೆಯೋಕೆ ಶುರು ಮಾಡಿದರು. ಜನ ನಿಜಕ್ಕೂ ಶೆಲ್ಟರ್ ಇದೆ ಅಂತ ನಂಬಿಬಿಡ್ತಾರಲ್ಲ!

2022ರ ಜುಲೈನಲ್ಲಿ ಅದೇ ನಗರ ಒಂದೂವರೆ ನಿಮಿಷದ ವಿಡಿಯೋ ಬಿಟ್ಟಿತು. ಅಣುಬಾಂಬ್ ಬಿದ್ದಿದೆ, ಹೇಗೆ ಯಾಕೆ ಅಂತ ಕೇಳಬೇಡಿ, ಬೇಗ ಒಳಗೆ ಹೋಗಿ, ನೆಲಮಾಳಿಗೆ ಇದ್ರೆ ಅಲ್ಲಿಗೇ ಇಳೀರಿ ಅಂತ.

23ನೇ ಮಹಡಿ ಬಗ್ಗೆ ಅದರಲ್ಲಿ ಏನೂ ಹೇಳಿಲ್ಲ.