ಆ ಫ್ಯಾನ್ ಬಗ್ಗೆ ಒಬ್ಬರಾದರೂ ಹೇಳಬಾರದಿತ್ತಾ?

ಮೂರು ವಾರದಿಂದ ತಡೆದುಕೊಂಡಿದ್ದೇನೆ. ಇವತ್ತು ಬರೆದೇ ತೀರಬೇಕು.

ನಿನ್ನೆ ರಾತ್ರಿ ಮನೆಯವರೆಲ್ಲ ಕೂತು ಸಿನಿಮಾ ನೋಡುತ್ತಿದ್ದೆವು. ಆಸ್ಪತ್ರೆಯ ದೃಶ್ಯ. ಹಾಸಿಗೆ ಹಿಡಿದ ತಾಯಿ ಮಗನಿಗೆ ಏನೋ ಹೇಳುತ್ತಾಳೆ. ಸಂಗೀತವೂ ಇಲ್ಲ, ಬರೀ ಉಸಿರು, ಪಿಸುಮಾತು. ಆಗ ನನ್ನ ಮಗಳು ಕೇಳಿದಳು, "ಅಪ್ಪಾ, ಅಲ್ಲಿ ಹೊರಗಡೆ ಮಳೆ ಬರ್ತಾ ಇದೆಯಾ?" ಸಿನಿಮಾದಲ್ಲಿ ಮಳೆ ಇರಲಿಲ್ಲ. ಅದು ಟಿವಿ ಕೆಳಗಿನ ಗೂಡಿನಲ್ಲಿಟ್ಟ ನನ್ನ ಹೊಸ ಪ್ರೋ ಆಂಪ್‌ನ, ಅಂದರೆ ವೇದಿಕೆಗಳಲ್ಲಿ ಬಳಸುವ ಆಂಪ್ಲಿಫೈಯರ್‌ನ, ಫ್ಯಾನ್. ಜೊತೆಗೆ ಸ್ಪೀಕರ್‌ಗಳಿಂದ ಬಿಡದೆ ಬರುವ ಸುಯ್ ಅನ್ನುವ ಸದ್ದು. ಎರಡೂ ಸೇರಿ ಮಗುವಿನ ಕಿವಿಗೆ ಮಳೆಯಾಗಿ ಕೇಳಿತ್ತು.

ಆಮೇಲೆ ಆ ಕತೆ ಏನಾಯಿತೋ ನನಗೆ ನೆನಪಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಯಾರನ್ನು ಕೇಳಿದರೂ ಒಂದೇ ಮಾತು ಹೇಳಿದ್ದರು. ಹೋಮ್ ಥಿಯೇಟರ್ ರಿಸೀವರ್‌ನಲ್ಲಿ (ಸಿನಿಮಾದ ಸದ್ದನ್ನು ಬಿಡಿಸಿ ಸ್ಪೀಕರ್‌ಗಳಿಗೆ ಕೊಡುವ ಪೆಟ್ಟಿಗೆ) ದಮ್ಮಿಲ್ಲ, ಹೊರಗಿನ ಆಂಪ್‌ಗೆಂದೇ ಅದರಲ್ಲಿರುವ ಪ್ರೀ-ಔಟ್ ಕಿಂಡಿಯಿಂದ ಪ್ರೋ ಆಂಪ್‌ಗೆ ಕೊಡಿ, ಅಷ್ಟೇ ದುಡ್ಡಿಗೆ ಎಷ್ಟೋ ಪಟ್ಟು ವಾಟ್ ಸಿಗುತ್ತದೆ ಅಂತ. ವಾಟ್, ವಾಟ್, ವಾಟ್. ಕೇಳಿ ಕೇಳಿ ನಾನೂ ನಂಬಿದೆ. ಮಾರಿದವರೂ ಅದನ್ನೇ ಹೇಳಿದರು. ನನ್ನ ಕೋಣೆ ಎಷ್ಟು ದೊಡ್ಡದು, ಸ್ಪೀಕರ್ ಯಾವುದು, ಎಷ್ಟು ದೂರದಲ್ಲಿ ಕೂರುತ್ತೀರಿ, ಈ ಪ್ರಶ್ನೆಗಳಲ್ಲಿ ಒಂದನ್ನೂ ಯಾರೂ ಕೇಳಲಿಲ್ಲ.

ಕೇಳಿದ್ದರೆ ಲೆಕ್ಕ ಐದು ನಿಮಿಷದ ಕೆಲಸ. ನನ್ನವು ಹಾರ್ನ್ ಇರುವ ಸ್ಪೀಕರ್‌ಗಳು. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್ ಸದ್ದು ಮಾಡುತ್ತವೆ. ನಾವು ಕೂರುವುದು 3 ಮೀಟರ್ ದೂರದಲ್ಲಿ. ಗೋಡೆಗಳಿಂದ ಸಿಗುವ ಸಹಾಯವನ್ನು ಬಿಟ್ಟರೂ ಅಷ್ಟು ದೂರಕ್ಕೆ ಕಳೆದುಹೋಗುವುದು ಸುಮಾರು 9.5 ಡೆಸಿಬೆಲ್. ಸಿನಿಮಾದ ರೆಫರೆನ್ಸ್ ಮಟ್ಟದಲ್ಲಿ, ಅಂದರೆ ಥಿಯೇಟರಿಗೆ ಗೊತ್ತುಮಾಡಿದ ಜೋರಿನಲ್ಲಿ, ಒಂದು ಮುಖ್ಯ ಚಾನೆಲ್‌ನ ಅತಿ ಜೋರಿನ ಸದ್ದು 105 ಡೆಸಿಬೆಲ್. ಇದೆಲ್ಲ ಕೂಡಿಸಿ ಕಳೆದರೆ ಬೇಕಾಗುವುದು 60 ವಾಟ್‌ಗಿಂತ ಕಡಿಮೆ. ನನ್ನ ಹಳೆಯ ರಿಸೀವರ್ 100 ವಾಟ್ ಕೊಡುತ್ತಿತ್ತು! ಅದೂ ಥಿಯೇಟರಿನಷ್ಟು ಜೋರಾಗಿ ಇಟ್ಟರೆ ಮಾತ್ರ. ನಾವು ಮನೆಯಲ್ಲಿ ನೋಡುವುದು ಅದಕ್ಕಿಂತ 20 ಡೆಸಿಬೆಲ್ ಕೆಳಗೆ. ಆಗ ಬಾಂಬ್ ಸಿಡಿಯುವ ದೃಶ್ಯಕ್ಕೂ 1 ವಾಟ್ ಸಾಕು.

ಈ ಲೆಕ್ಕವನ್ನು ನಾನು ಮಾಡಿದ್ದು ದುಡ್ಡು ಕೊಟ್ಟ ಮೇಲೆ. ಅದೇ ನನ್ನನ್ನು ಸುಡುತ್ತಿರುವುದು.

ಡಬ್ಬದ ಮೇಲಿನ 2000 ವಾಟ್ ಕೂಡ ಹೇಗೆ ಬಂತು ಗೊತ್ತಾ? ಅದು ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿ (ಒಂದಾಗಿ ಸೇರಿಸಿ) 4 ಓಮ್‌ನ ಸ್ಪೀಕರ್‌ಗೆ ಕೊಟ್ಟಾಗಿನ ಅಂಕಿ. ಓಮ್ ಕಡಿಮೆಯಾದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. ಬ್ರಿಡ್ಜ್‌ನಲ್ಲಿ 4 ಓಮ್ ಅಂದರೆ ಒಂದೊಂದು ಚಾನೆಲ್‌ಗೂ 2 ಓಮ್‌ನ ಹೊರೆ. ಮನೆಯ ಸ್ಪೀಕರ್‌ಗಳನ್ನು ಯಾರು ಹಾಗೆ ಓಡಿಸುತ್ತಾರೆ? ಕೈಪಿಡಿಯ ಒಳಗೆ ಸಣ್ಣ ಅಕ್ಷರದಲ್ಲಿ ಹುಡುಕಿದರೆ 8 ಓಮ್‌ಗೆ ಒಂದು ಚಾನೆಲ್‌ಗೆ 350 ವಾಟ್. 100ರಿಂದ 350ಕ್ಕೆ ಹೋದರೆ ಸಿಗುವುದು 5 ಡೆಸಿಬೆಲ್ ಚಿಲ್ಲರೆ. ಇಷ್ಟಕ್ಕೆ ನನ್ನ ಮನೆಯ ನೆಮ್ಮದಿ ಹೋಯಿತು.

ಆಂಪ್ ಮೇಲೆ ನನಗೆ ಕೋಪ ಇಲ್ಲ. ಅದು ವೇದಿಕೆಗೆ ಅಂತ ಹುಟ್ಟಿದ ಯಂತ್ರ. ಗಂಟೆಗಟ್ಟಲೆ, ಬಿಸಿಲಲ್ಲಿ, ರ‍್ಯಾಕ್‌ನೊಳಗೆ, ಜೋರಾಗಿ ಓಡಬೇಕು. ಅದಕ್ಕೆ ಫ್ಯಾನ್ ಬೇಕೇ ಬೇಕು. ಸಾವಿರ ಜನರ ಗಲಾಟೆಯಲ್ಲಿ ಫ್ಯಾನ್ ಸದ್ದು ಯಾರಿಗೂ ಕೇಳುವುದಿಲ್ಲ. ಆದರೆ ಮನೆ ಬೇರೆ ಅಲ್ವಾ? ರಾತ್ರಿ ಹತ್ತು ಗಂಟೆಗೆ ಬಾಗಿಲು ಹಾಕಿ ಕೂತರೆ ಗೋಡೆ ಗಡಿಯಾರದ ಸದ್ದೂ ಕೇಳುತ್ತದೆ. ಕೆಲವು ಆಂಪ್‌ಗಳಲ್ಲಿ ಬಿಸಿಯಾದ ಮೇಲೆ ಮಾತ್ರ ಫ್ಯಾನ್ ತಿರುಗುತ್ತದೆ. ನನ್ನದರಲ್ಲಿ ಸ್ವಿಚ್ ಹಾಕಿದ ಕ್ಷಣದಿಂದ ಶುರು. ಇಪ್ಪತ್ತು ಪುಟದ ಕೈಪಿಡಿಯಲ್ಲಿ ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ಅಂತ ಒಂದು ಸಾಲು ಇಲ್ಲ. ಒಂದೇ ಒಂದು ಸಾಲು!

ಇನ್ನು ಆ ಸುಯ್ ಸದ್ದು. ಕೊಳ್ಳುವ ಮೊದಲು ನಾನು ಸಿಗ್ನಲ್-ಟು-ನಾಯ್ಸ್ ಅಂಕಿ ನೋಡಿದ್ದೆ, ಅಂದರೆ ಬೇಕಾದ ಸದ್ದಿಗಿಂತ ಆಂಪ್‌ನ ಸ್ವಂತ ಸುಯ್ ಎಷ್ಟು ಕೆಳಗಿದೆ ಅನ್ನುವ ಅಂಕಿ. 100 ಡೆಸಿಬೆಲ್ ಅಂತ ಇತ್ತು. ರಿಸೀವರ್‌ದೂ 100. ಎರಡೂ ಒಂದೇ ಅಂದುಕೊಂಡೆ. ಇಲ್ಲಿ ದಯವಿಟ್ಟು ಗಮನ ಕೊಟ್ಟು ಓದಿ. ಈ ಅಂಕಿಯನ್ನು ಆಂಪ್‌ನ ಪೂರ್ತಿ ಪವರ್‌ಗೆ ಹೋಲಿಸಿ ಹೇಳುತ್ತಾರೆ. 8 ಓಮ್‌ಗೆ 100 ವಾಟ್ ಅಂದರೆ ಸುಮಾರು 28 ವೋಲ್ಟ್. ಅದಕ್ಕಿಂತ 100 ಡೆಸಿಬೆಲ್ ಕೆಳಗೆ ಅಂದರೆ 0.28 ಮಿಲಿವೋಲ್ಟ್ ಸದ್ದು. ನನ್ನ ಆಂಪ್‌ನ 350 ವಾಟ್ ಅಂದರೆ ಸುಮಾರು 53 ವೋಲ್ಟ್. ಅದಕ್ಕಿಂತ 100 ಡೆಸಿಬೆಲ್ ಕೆಳಗೆ ಅಂದರೆ 0.53 ಮಿಲಿವೋಲ್ಟ್. ಕಾಗದದ ಮೇಲೆ ಅದೇ 100, ಸ್ಪೀಕರ್ ಬಾಯಲ್ಲಿ 5 ಡೆಸಿಬೆಲ್ ಚಿಲ್ಲರೆ ಜಾಸ್ತಿ. ಕಿವಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಸಾಮಾನ್ಯ ಸ್ಪೀಕರ್ ಆದರೆ ಇದನ್ನು ನುಂಗಿಕೊಂಡುಬಿಡುತ್ತದೆ. ನನ್ನ ಹಾರ್ನ್‌ಗಳು ಒಂದು ಚೂರು ಸದ್ದನ್ನೂ ಬಿಡದೆ ಎತ್ತಿ ಹೊರಗೆ ಎಸೆಯುತ್ತವೆ.

ಆಂಪ್‌ನ ಮುಂದಿನ ತಿರುಗಣೆ ಇಳಿಸಿ ನೋಡಿದೆ. ಹಿಸ್, ಅಂದರೆ ಆ ಸುಯ್ ಸದ್ದು, ಇಳಿಯಲಿಲ್ಲ, ಯಾಕೆಂದರೆ ಅದು ಹುಟ್ಟುವುದೇ ಆ ತಿರುಗಣೆಯ ಆಚೆ. ಬದಲಿಗೆ ಇಳಿದ ಸದ್ದನ್ನು ಸರಿದೂಗಿಸಲು ಹೋಗಿ ರಿಸೀವರ್‌ನ ಲೆವೆಲ್ ಹೊಂದಾಣಿಕೆ ಪ್ಲಸ್ 12ರ ಮಿತಿ ಮುಟ್ಟಿ ನಿಂತಿತು.

ಗುಂಯ್ ಅನ್ನುವ ಕರೆಂಟಿನ ಸದ್ದಿನ ಕತೆ ಇನ್ನೂ ಕೆಟ್ಟದ್ದು. ರಿಸೀವರ್‌ನಲ್ಲಿ ಆರ್‌ಸಿಎ ಕಿಂಡಿ (ಮನೆಯ ಉಪಕರಣಗಳದ್ದು), ಆಂಪ್‌ನಲ್ಲಿ ಎಕ್ಸ್‌ಎಲ್‌ಆರ್ (ವೇದಿಕೆಯ ಉಪಕರಣಗಳ ಮೂರು ಪಿನ್ನಿನದು). ನಡುವೆ ಒಂದು ಸಾದಾ ಅಡಾಪ್ಟರ್ ಹಾಕಿದರೆ ಸಾಕು ಅಂದಿದ್ದರು. ಹಾಕಿದೆ, ಗುಂಯ್ ಶುರುವಾಯಿತು. ಎರಡು ಪೆಟ್ಟಿಗೆಗಳ ಅರ್ಥ್ ನಡುವೆ ಸುತ್ತು ಬಿದ್ದು, ಕೇಬಲ್ಲಿನ ಹೊರಕವಚದಲ್ಲೇ ಕರೆಂಟ್ ಹರಿಯುವುದರಿಂದ ಹೀಗಾಗುತ್ತದೆ. ಇದಕ್ಕೆ ಸಿಗ್ನಲ್ ಕೇಬಲ್ಲಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಅದು ಸದ್ದನ್ನು ಬಿಟ್ಟು ಆ ಸುತ್ತನ್ನು ಕತ್ತರಿಸುತ್ತದೆ. ಕೊನೆಗೆ ನಾನು ಅದನ್ನೇ ಹಾಕಿದೆ, ನಿಂತಿತು. ಆದರೆ ಅದಕ್ಕೆ ಮೊದಲು ನನಗೆ ಸಿಕ್ಕ ಸಲಹೆ ಏನು? "ಆಂಪ್ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕಿ, ಸರಿಹೋಗುತ್ತೆ."

ಇದನ್ನು ಹೇಳಿದವರು ಒಬ್ಬರಲ್ಲ, ಮೂವರು. ನಿಮಗೆ ತಲೆ ನೆಟ್ಟಗಿದೆಯಾ? ಒಳಗೆ ಒಂದು ತಂತಿ ಬಿಟ್ಟುಕೊಂಡು ಕಬ್ಬಿಣದ ಪೆಟ್ಟಿಗೆಗೆ ತಾಗಿದರೆ ಆ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸುವುದೇ ಆ ಪಿನ್. ಅದಿಲ್ಲದಿದ್ದರೆ ಪೆಟ್ಟಿಗೆಯೇ ಕರೆಂಟು. ನನ್ನ ಮಗಳು ಆ ಗೂಡಿನ ಮುಂದೆ ಕೂತು ಆಡುತ್ತಾಳೆ. ಗುಂಯ್ ಸದ್ದು ನಿಲ್ಲಿಸಲು ಮಗುವಿನ ಜೀವ ಪಣಕ್ಕಿಡಬೇಕಾ? ಈ ಸಲಹೆ ಕೊಡುವವರು ಇನ್ನೊಂದು ಮನೆಯಲ್ಲಿ ಇದನ್ನು ಹೇಳಬೇಡಿ. ಕೈ ಮುಗಿದು ಕೇಳುತ್ತೇನೆ.

ಮಾರಿದವರಿಗೆ ಫೋನ್ ಮಾಡಿದೆ. ಫ್ಯಾನ್ ಸದ್ದಿಗೆ ಏನು ಮಾಡಲಿ ಅಂದೆ. "ಸರ್, ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿ, ಕೇಳ್ಸೋದಿಲ್ಲ" ಅಂದರು. ಪಿಸುಮಾತು ಕೇಳಲೆಂದು ಕಷ್ಟಪಟ್ಟು ಜೋಡಿಸಿದ ಸಿಸ್ಟಮ್ ಇದು. ಅದನ್ನು ಕಿರುಚುವಂತೆ ಮಾಡು ಅನ್ನುತ್ತಾರೆ. ನಿಧಾನ ತಿರುಗುವ ಬೇರೆ ಫ್ಯಾನ್ ಹಾಕಿಕೊಡಿ ಅಂದರೆ, ಪೆಟ್ಟಿಗೆ ಬಿಚ್ಚಿದರೆ ವಾರಂಟಿ ಹೋಯಿತು ಅಂದರು. ವಾಪಸ್ ತಗೊಳ್ಳಿ ಅಂದರೆ, ಅದರಲ್ಲಿ ದೋಷ ಏನೂ ಇಲ್ಲವಲ್ಲ ಸರ್ ಅಂದರು. ನಿಜ, ದೋಷ ಇಲ್ಲ. ಅದಕ್ಕೇ ನನ್ನ ಕೈ ಕಟ್ಟಿದ ಹಾಗಾಗಿದೆ.

ಬರೀ ಆಳದ ಗುಡುಗಿನ ಸದ್ದಿಗೆಂದಿರುವ ಸಬ್‌ವೂಫರ್‌ಗೆ ಪ್ರೋ ಆಂಪ್ ಹಾಕುವವರ ಮಾತು ಬೇರೆ. ಅಲ್ಲಿ ನಿಜವಾಗಿಯೂ ನೂರಾರು ವಾಟ್ ಬೇಕು, ದೊಡ್ಡ ವೂಫರ್ ಹಿಸ್ ಅನ್ನು ಹೆಚ್ಚು ತೋರಿಸುವುದಿಲ್ಲ. ಫ್ಯಾನ್ ಕೇಳದ ಜಾಗದಲ್ಲಿ ಇಟ್ಟುಕೊಂಡರೆ ಒಳ್ಳೆಯ ಆಯ್ಕೆಯೇ. ನನಗೆ ಸಲಹೆ ಕೊಟ್ಟವರು ಈ ವ್ಯತ್ಯಾಸ ಹೇಳಿದ್ದರೆ ಸಾಕಿತ್ತು.

ಈಗ ಆಂಪನ್ನು ಪಕ್ಕದ ಕೋಣೆಗೆ ಸಾಗಿಸುತ್ತಿದ್ದೇನೆ. ಗೋಡೆಗೆ ತೂತು ಕೊರೆಯಬೇಕು. 12 ಮೀಟರ್ ಸ್ಪೀಕರ್ ವೈರ್ ಬೇಕು, ಅಷ್ಟು ಉದ್ದಕ್ಕೆ ತೆಳು ವೈರ್ ನಡೆಯುವುದಿಲ್ಲ, 4 ಚದರ ಮಿಲಿಮೀಟರ್‌ದು ತಂದಿದ್ದೇನೆ. ಅದಕ್ಕೆ ಬೇರೆ ಖರ್ಚು. ರಿಸೀವರ್ ಆನ್ ಆದಾಗ ತಾನೂ ಆನ್ ಆಗಲು ಈ ಆಂಪ್‌ನಲ್ಲಿ 12 ವೋಲ್ಟ್ ಟ್ರಿಗರ್ ಇಲ್ಲ. ಹಾಗಾಗಿ ಪ್ರತಿ ಸಲ ಆ ಕೋಣೆಗೆ ಹೋಗಿ ಕೊನೆಯಲ್ಲಿ ಅದರ ಸ್ವಿಚ್ ಹಾಕಬೇಕು, ಮುಗಿದ ಮೇಲೆ ಮೊದಲು ಅದನ್ನೇ ಆರಿಸಬೇಕು. ಮರೆತರೆ ಸ್ಪೀಕರ್‌ನಲ್ಲಿ ದಢ್ ಅನ್ನುತ್ತದೆ. ಇದನ್ನೆಲ್ಲ ಮನೆಯವರಿಗೆ ಹೇಳಿಕೊಟ್ಟೆ. "ನಮಗೆ ಟಿವಿ ಸ್ಪೀಕರೇ ಸಾಕು ಬಿಡ್ರೀ" ಅಂದಳು ನನ್ನವಳು.

ಮಾರಿದವರಿಗೆ ಇವತ್ತು ಬೆಳಿಗ್ಗೆ ಮತ್ತೆ ಬರೆದಿದ್ದೇನೆ. ಎರಡೇ ಪ್ರಶ್ನೆ. ಸುಮ್ಮನೆ ಆನ್ ಆಗಿದ್ದಾಗ ಇದರ ಫ್ಯಾನ್ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್? ಏನೂ ನುಡಿಸದೆ ಇದ್ದಾಗ ಸ್ಪೀಕರ್ ತುದಿಯಲ್ಲಿ ಎಷ್ಟು ಮಿಲಿವೋಲ್ಟ್ ಸದ್ದು? ಉತ್ತರ ಇನ್ನೂ ಬಂದಿಲ್ಲ.