ಕಾನ್ಸುಲೇಟ್ ಕೊಟ್ಟ ಬರ್ತ್ ಸರ್ಟಿಫಿಕೇಟ್ ನಮ್ಮೂರ ಕೌಂಟರಿನಲ್ಲಿ ನಡೆಯಲ್ವಂತೆ!

ಇವತ್ತು ಇದನ್ನು ಬರೆಯದಿದ್ದರೆ ಸಿಟ್ಟೆಲ್ಲ ಮನೆಯವರ ಮೇಲೆ ಹೋಗುತ್ತದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಮಗಳು ಹುಟ್ಟಿದ್ದು ದುಬೈಯಲ್ಲಿ. ಅವಳಿಗೆ ಜನನ ಪ್ರಮಾಣಪತ್ರ ಒಂದಲ್ಲ, ಎರಡಿದೆ. ಒಂದು ಅಲ್ಲಿನ ಸರ್ಕಾರದ್ದು. ಇನ್ನೊಂದು ಅಲ್ಲಿರುವ ನಮ್ಮ ಭಾರತದ ಕಾನ್ಸುಲೇಟ್ ಕೊಟ್ಟದ್ದು. ಭಾರತದ ಪಾಸ್‌ಪೋರ್ಟೂ ಇದೆ. ಇಷ್ಟನ್ನೂ ಫೈಲಿನಲ್ಲಿಟ್ಟುಕೊಂಡು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಕಚೇರಿಗೆ ಹೋದರೆ, ಕೌಂಟರಿನಲ್ಲಿ ಕೂತವರು ಕಣದಲ್ಲಿ ಕಾಫಿ ತಿರುವಿದ ಹಾಗೆ ಎಲ್ಲ ಕಾಗದವನ್ನೂ ಒಂದು ಸಲ ತಿರುವಿ ಹಾಕಿ, "ಇದು ನಡೆಯಲ್ಲ ಮೇಡಂ, ಕರ್ನಾಟಕದ್ದು ಬೇಕು" ಅಂದರು. ಕರ್ನಾಟಕದ್ದು ಎಲ್ಲಿಂದ ತರಲಿ? ಮಗು ಇಲ್ಲಿ ಹುಟ್ಟಿಯೇ ಇಲ್ಲವಲ್ಲ!

ನಾವು ಊರಿಗೆ ಬಂದದ್ದು ಅತ್ತೆಗೆ ಹುಷಾರಿಲ್ಲ ಅಂತ. ತೋಟ ನೋಡಿಕೊಳ್ಳುವವರೂ ಇರಲಿಲ್ಲ. ಯಜಮಾನರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ, ರಜೆ ಸಿಕ್ಕರೆ ವರ್ಷಕ್ಕೊಮ್ಮೆ ಬರುತ್ತಾರೆ. ಮಗಳನ್ನು ಇಲ್ಲೇ ಶಾಲೆಗೆ ಸೇರಿಸೋಣ ಅಂತ ಹೋದಾಗ ಶುರುವಾಯಿತು ಈ ಕಥೆ. ಶಾಲೆಯ ಆಫೀಸಿನವರು ಒಳ್ಳೆಯವರೇ. ಆದರೆ ಅವರಿಗೆ ಇ-ಜನ್ಮದ, ಅಂದರೆ ಕರ್ನಾಟಕದ ಜನನ ನೋಂದಣಿ ಸಾಫ್ಟ್‌ವೇರಿನ, ನೋಂದಣಿ ಸಂಖ್ಯೆ ಬೇಕು. ಕಾನ್ಸುಲೇಟಿನ ಪತ್ರದಲ್ಲಿ ಇರುವುದು ಅವರದೇ ಬೇರೆ ಸಂಖ್ಯೆ. "ಒಂದು ಸಲ ಜನನ ನೋಂದಣಿ ಆಫೀಸಿನಲ್ಲಿ ಕೇಳಿ ಬನ್ನಿ" ಅಂತ ಕಳಿಸಿದರು. ಹೋದೆ. ಅಲ್ಲಿಂದ ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಂದ ವಾಪಸ್ ಮೊದಲಿನ ಕಡೆಗೇ. ಜೂನ್ ತಿಂಗಳ ನಮ್ಮ ಮಳೆ ಗೊತ್ತಲ್ಲ, ಒಂದು ದಿನ ಕರೆಂಟಿಲ್ಲ, ಕರೆಂಟಿದ್ದ ದಿನ ಸರ್ವರ್ ಇಲ್ಲ, ಎರಡೂ ಇದ್ದ ದಿನ ಕೇಸ್ ವರ್ಕರ್ ಮಡಿಕೇರಿಗೆ ಮೀಟಿಂಗಿಗೆ ಹೋಗಿರುತ್ತಾರೆ.

ಕಾಗದ ಮಾಡಿಸದೆ ಬಂದವಳು ನಾನಲ್ಲ. ಅಲ್ಲಿ ಎಷ್ಟು ಒದ್ದಾಡಿದ್ದೇವೆ ಅಂತ ಇವರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ ಹುಟ್ಟಿದರೆ ಅಲ್ಲಿನ ಪೌರತ್ವ ಸಿಗುತ್ತದೆ, ಗಲ್ಫಿನಲ್ಲಿ ಆ ಮಾತೇ ಇಲ್ಲ. ಅಲ್ಲಿ ಹುಟ್ಟಿದ ಭಾರತೀಯರ ಮಗುವಿಗೆ ದೇಶ ಅಂತ ಇದ್ದರೆ ಅದು ಭಾರತ ಮಾತ್ರ. ಅದೂ ತಾನಾಗಿ ಬರಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ಇದರ ಜೊತೆಗೆ ಅಲ್ಲಿಯ ಲೆಕ್ಕ ಬೇರೆ: ಹುಟ್ಟಿದ 120 ದಿನದೊಳಗೆ ಮಗುವಿಗೆ ವೀಸಾ ಆಗಬೇಕು, ತಡವಾದರೆ ದಂಡ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಬರ್ತ್ ಸರ್ಟಿಫಿಕೇಟ್ ಬೇಕು. ಹಸಿ ಬಾಣಂತಿ ನಾನು, ಕತ್ತು ನಿಲ್ಲದ ಮಗುವನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಕಣ್ಣು ಬಿಟ್ಟಿರುವ ಫೋಟೋ ಬರುವ ತನಕ ಗಿಲಕಿ ಅಲ್ಲಾಡಿಸುತ್ತಾ ಕೂತಿದ್ದೆ. ಆ ಪುಟ್ಟ ಹೆಬ್ಬೆರಳಿಗೆ ಇಂಕು ಬಳಿದು ಫಾರಂಗೆ ಒತ್ತಿಸಿದ್ದೇವೆ. ಅದನ್ನೆಲ್ಲ ಮುಗಿಸಿ ತಂದ ಕಾಗದವನ್ನು ಇಲ್ಲಿ "ನಡೆಯಲ್ಲ" ಅಂತಾರೆ.

ನಡೆಯುತ್ತದೆ ಸ್ವಾಮಿ! ಕಾನೂನೇ ಹೇಳುತ್ತದೆ. ಜನನ ಮರಣ ನೋಂದಣಿ ಕಾಯ್ದೆ, 1969. ಅದರ 20ನೇ ಸೆಕ್ಷನ್ ಇರುವುದೇ ಹೊರದೇಶದಲ್ಲಿ ಹುಟ್ಟಿದ ಭಾರತೀಯರ ಬಗ್ಗೆ. ಪೌರತ್ವ ಕಾಯ್ದೆಯ ನಿಯಮದ ಪ್ರಕಾರ ಕಾನ್ಸುಲೇಟಿನಲ್ಲಿ ಆದ ನೋಂದಣಿಯನ್ನು ಈ ಕಾಯ್ದೆಯಡಿಯೇ ಸರಿಯಾಗಿ ಆದ ನೋಂದಣಿ ಅಂತ ತಿಳಿಯಬೇಕು ಅಂತ ಅದರಲ್ಲಿ ಬರೆದಿದೆ. ಅಂದರೆ ಮಡಿಕೇರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ನೋಂದಣಿಗೆ ಎಷ್ಟು ಬೆಲೆಯೋ ನನ್ನ ಮಗಳದ್ದಕ್ಕೂ ಅಷ್ಟೇ ಬೆಲೆ. ನಾನು ಇದನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಓದಿ ಏನು ಹೇಳಿದರು ಗೊತ್ತಾ? ಅದೇ ಸೆಕ್ಷನ್‌ನ ಎರಡನೇ ಭಾಗ ಹಿಡಿದುಕೊಂಡು, "ಇಲ್ಲಿ 60 ದಿನ ಅಂತ ಇದೆಯಲ್ಲ, ನೀವು ಬಂದು ಜಾಸ್ತಿ ದಿನ ಆಯಿತು, ಇನ್ನು ಆಗಲ್ಲ" ಅಂದರು!

ಆ 60 ದಿನದ ಮಾತು ಇರುವುದು ಅಲ್ಲಿ ನೋಂದಣಿ ಮಾಡಿಸದೆ, ಇಲ್ಲೇ ನೆಲೆಸಲು ಬಂದವರಿಗೆ. ಅಂಥವರು ಮಗು ಭಾರತಕ್ಕೆ ಬಂದ 60 ದಿನದೊಳಗೆ ಇಲ್ಲಿಯೇ ನೋಂದಾಯಿಸಬಹುದು. ನಮ್ಮದು ಅಲ್ಲೇ ಆಗಿದೆ. ಆಗಿರುವುದನ್ನು ಮತ್ತೆ ಯಾಕೆ ಮಾಡಿಸಬೇಕು? ಇಷ್ಟು ಹೇಳಿದರೆ, "ನಮಗೆ ಸಾಫ್ಟ್‌ವೇರಿನಲ್ಲಿ ಬರಬೇಕಲ್ಲ ಮೇಡಂ." ನನಗೂ ಸಾಫ್ಟ್‌ವೇರಿಗೂ ಏನು ಸಂಬಂಧ? ನಾನೇನು ಅದನ್ನು ಬರೆದವಳಾ?

ಇನ್ನೂ ಜಾಸ್ತಿ ಉರಿದದ್ದು ಇದಕ್ಕೆ. ಎಲ್ಲ ಕಡೆಯೂ ಒಂದೇ ಪ್ರಶ್ನೆ, "ತಂದೆ ಎಲ್ಲಿ?" ತಂದೆ ದುಬೈಯಲ್ಲಿ. "ಅವರು ಬರಲಿ, ಆಮೇಲೆ ನೋಡೋಣ." ಯಾಕೆ, ನಾನು ಬಂದರೆ ಸಾಲದಾ? ನಾನೂ ಈ ದೇಶದವಳೇ ಅಲ್ವಾ? ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಅಪ್ಪನ ಕಡೆಯಿಂದ ಮಾತ್ರ ಪೌರತ್ವ ಬರುತ್ತಿದ್ದ ಕಾಲ ಒಂದಿತ್ತು, ನಿಜ. ಅದು ಮುಗಿದು ಹೋಯಿತು. 1992ರ ಡಿಸೆಂಬರ್ 10ರಿಂದ ಈಚೆಗೆ ಹುಟ್ಟಿದವರಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಭಾರತೀಯರಾದರೂ ಆಗುತ್ತದೆ. ದೆಹಲಿಯಲ್ಲಿ ಮೂವತ್ತು ವರ್ಷದ ಹಿಂದೆ ಬದಲಾದದ್ದು ನಮ್ಮೂರ ಕೌಂಟರಿಗೆ ಇನ್ನೂ ತಲುಪಿಲ್ಲ. ಒಂಬತ್ತು ತಿಂಗಳು ಹೊತ್ತವಳು ಎದುರಿಗೇ ನಿಂತಿದ್ದರೂ ಅವರ ಕಣ್ಣು ಹುಡುಕುವುದು ಹಿಂದೆ ಯಾರಾದರೂ ಗಂಡಸರು ಬಂದಿದ್ದಾರಾ ಅಂತ. ಒಂದು ದಿನ ಮಾವನನ್ನು ಕರೆದುಕೊಂಡು ಹೋದೆ, ಆಗ ಕುರ್ಚಿ ಕೊಟ್ಟರು! ಮಾವನಿಗೆ. ಕಾಗದದ ವಿಷಯ ಮಾವನಿಗೆ ಏನೂ ಗೊತ್ತಿಲ್ಲ ಪಾಪ, ಅವರು ನನ್ನ ಮುಖ ನೋಡುತ್ತಿದ್ದರು, ಕ್ಲರ್ಕ್ ಅವರ ಮುಖ ನೋಡಿ ಮಾತಾಡುತ್ತಿದ್ದರು.

ಆಮೇಲೆ ಹೆಸರಿನ ರಾಮಾಯಣ. ನಮ್ಮಲ್ಲಿ ಮನೆ ಹೆಸರು ಮೊದಲು, ಆಮೇಲೆ ನಮ್ಮ ಹೆಸರು. ಮದುವೆಯಾದ ಮೇಲೆ ಗಂಡನ ಮನೆ ಹೆಸರು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಮನೆ ಹೆಸರಿನ ಇನಿಶಿಯಲ್ ಮಾತ್ರ ಇದೆ. ಪಾಸ್‌ಪೋರ್ಟಿನಲ್ಲಿ ಅದನ್ನು ಪೂರ್ತಿ ಬಿಡಿಸಿ ಬರೆದಿದ್ದಾರೆ. ಮದುವೆ ಸರ್ಟಿಫಿಕೇಟಿನಲ್ಲಿ ಒಂದು ಅಕ್ಷರ ಹೆಚ್ಚು. ಆಧಾರ್‌ನಲ್ಲಿ ಅದೇ ಅಕ್ಷರ ಕಡಿಮೆ. ಇದರಲ್ಲಿ ಒಂದನ್ನೂ ನಾನು ಟೈಪ್ ಮಾಡಿದ್ದಲ್ಲ, ಒಂದೊಂದು ಕಚೇರಿಯವರು ತಮಗೆ ತೋಚಿದ ಹಾಗೆ ಮಾಡಿಕೊಟ್ಟದ್ದು. ಈಗ "ಈ ತಾಯಿ ನೀವೇ ಅಂತ ಹೇಗೆ ನಂಬುವುದು?" ಅಂತ ನನ್ನನ್ನೇ ಕೇಳುತ್ತಾರೆ. ಕೊಡಗಿನಲ್ಲಿ ಕೆಲಸ ಮಾಡುವವರಿಗೆ ಮನೆ ಹೆಸರಿನ ಪದ್ಧತಿ ಗೊತ್ತಿಲ್ಲ ಅಂದರೆ ಏನು ಹೇಳೋಣ? ದುಬೈಯ ಕಾನ್ಸುಲೇಟಿನಲ್ಲಿ ಒಂದು ಅಫಿಡವಿಟ್ ತೆಗೆದುಕೊಂಡು ಸುಮ್ಮನಾಗಿದ್ದರು.

ಒಬ್ಬರಂತೂ ನನ್ನ ಅಪ್ಪನ ಬರ್ತ್ ಸರ್ಟಿಫಿಕೇಟ್ ಕೇಳಿದರು. ಎಲ್ಲೋ ಅರ್ಧ ಕೇಳಿಸಿಕೊಂಡಿದ್ದಾರೆ: 1987ರ ಜುಲೈ 1ರಿಂದ ಈಚೆಗೆ ಇಲ್ಲಿ ಹುಟ್ಟಿದವರಿಗೆ ಹುಟ್ಟು ಮಾತ್ರ ಸಾಲದು, ಹೆತ್ತವರ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ ಅಂತ. ನಾನು ಹುಟ್ಟಿದ್ದು 1991ರಲ್ಲಿ. ಹಾಗಾಗಿ ಮಗಳ ಪೌರತ್ವಕ್ಕೆ ನನ್ನ ದಾಖಲೆ, ನನ್ನ ಪೌರತ್ವಕ್ಕೆ ನನ್ನಪ್ಪನ ದಾಖಲೆ ಬೇಕಂತೆ. ನನ್ನಪ್ಪ ಹುಟ್ಟಿದ್ದು 1954ರಲ್ಲಿ, ಮನೆಯಲ್ಲಿ. ಆಗ ಕೊಡಗೇ ಬೇರೆ ರಾಜ್ಯ, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆ ಕಾಲದಲ್ಲಿ ಮನೆಯಲ್ಲಿ ಹುಟ್ಟಿದ ಮಗುವಿಗೆ ಸರ್ಟಿಫಿಕೇಟ್ ಯಾರು ಮಾಡಿಸಿದ್ದಾರೆ? ಅಪ್ಪನ ಹತ್ತಿರ ಇರುವುದು ಶಾಲೆಯ ಟಿಸಿ ಮತ್ತು ಮಿಲಿಟರಿಯ ಡಿಸ್ಚಾರ್ಜ್ ಬುಕ್. ಈ ದೇಶದ ಗಡಿಯಲ್ಲಿ ಬಂದೂಕು ಹಿಡಿದು ನಿಂತವರು ಈ ದೇಶದವರೇ ಅಂತ ತೋರಿಸಿ ಅನ್ನುತ್ತಿದ್ದಾರಲ್ಲ! ಅಪ್ಪನಿಗೆ ಈ ವಿಷಯ ಹೇಳಿಲ್ಲ. ಹೇಳಿದರೆ ಅವರೇ ಹೊರಡುತ್ತಾರೆ, ಆಮೇಲೆ ಆ ಕಚೇರಿಯಲ್ಲಿ ಏನಾಗುತ್ತದೋ ನಾನು ಹೇಳಲಾರೆ.

ಇಷ್ಟರ ನಡುವೆ ಜೆರಾಕ್ಸ್ ಅಂಗಡಿಯ ಹತ್ತಿರ ನಿಲ್ಲುವ ಒಬ್ಬ ಏಜೆಂಟ್ ದಾರಿ ತೋರಿಸಿದ. "ಅಕ್ಕಾ, ಸುಮ್ನೆ ಯಾಕೆ ಅಲೀತೀರಾ, ಮಗು ಮನೆಯಲ್ಲೇ ಹುಟ್ಟಿತು ಅಂತ ಅಫಿಡವಿಟ್ ಮಾಡಿಸಿ, ತಡವಾದ ನೋಂದಣಿ ಅಂತ ಹಾಕಿಸೋಣ, ಆರ್ಡರ್ ನಾನು ಮಾಡಿಸಿಕೊಡ್ತೇನೆ." ನೋಡಿ, ಸುಳ್ಳಿಗಾದರೆ ಸಾಫ್ಟ್‌ವೇರಿನಲ್ಲಿ ಜಾಗ ಇದೆ. ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ದುಬೈ, ಇಲ್ಲಿಯ ಸರ್ಟಿಫಿಕೇಟಿನಲ್ಲಿ ಹುಟ್ಟಿದ ಊರು ನಮ್ಮ ಹಳ್ಳಿ. ನಾಳೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಲು ಮೈಸೂರಿಗೆ ಹೋದಾಗ ಸಿಕ್ಕಿಬೀಳುವವಳು ನಾನು, ಆ ಏಜೆಂಟ್ ಅಲ್ಲ. ಅದೂ ಹತ್ತಿರದಲ್ಲೇ ಬಂತು, ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷ. ಯಾವ ತಪ್ಪೂ ಇಲ್ಲದ ಕಾಗದ ಇರುವವಳಿಗೆ ತಪ್ಪು ಕಾಗದ ಮಾಡಿಸು ಅಂತ ಹೇಳುವ ವ್ಯವಸ್ಥೆ ಇದು. ಅವನನ್ನು ಬೈದು ಬಂದೆ. ಅವನಿಗೆ ಆಶ್ಚರ್ಯವಾಯಿತು, ಎಲ್ಲರೂ ಮಾಡುತ್ತಾರೆ ಅಂದ. ಮಾಡುತ್ತಾರೇನೋ, ಅಲೆದು ಅಲೆದು ಸುಸ್ತಾದರೆ ಯಾರು ತಾನೇ ಮಾಡಲ್ಲ?

ಗಲ್ಫಿಗೆ ಹೋದವರು ಕೊಡಗಿನಲ್ಲಿ ನಾವೊಬ್ಬರೇನಾ? ಮಕ್ಕಳನ್ನು ಕರೆದುಕೊಂಡು ವಾಪಸ್ ಬಂದ ಮನೆ ಎಷ್ಟು ಬೇಕು? ಅವರೆಲ್ಲ ಇದೇ ಕೌಂಟರಿಗೆ ಬಂದಿರುತ್ತಾರೆ. ಒಂದು ಸುತ್ತೋಲೆಯನ್ನು ಗೋಡೆಗೆ ಅಂಟಿಸಲು ಎಷ್ಟು ಹೊತ್ತು ಬೇಕು?

ಮೊನ್ನೆ ಕೊನೆಗೆ ಕೇಳಿದೆ, "ಆಗಲ್ಲ ಅಂದರೆ ಹಿಂಬರಹ ಬರೆದು ಕೊಡಿ, ಯಾವ ನಿಯಮದ ಪ್ರಕಾರ ಆಗಲ್ಲ ಅಂತ." ಅಲ್ಲಿಯ ತನಕ ಜೋರಾಗಿ ಮಾತಾಡುತ್ತಿದ್ದವರು ಮೆತ್ತಗಾದರು. "ಸಾಹೇಬರನ್ನು ಕೇಳಿ ಹೇಳ್ತೇನೆ, ಸೋಮವಾರ ಬನ್ನಿ." ಸೋಮವಾರ ಹೋಗುತ್ತೇನೆ. ಅರ್ಜಿಯ ಜೊತೆ 20ನೇ ಸೆಕ್ಷನ್‌ನ ಪ್ರಿಂಟ್ ಇಟ್ಟು, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಸ್ವೀಕೃತಿ ತೆಗೆದುಕೊಂಡೇ ಬರುವುದು. ಕಾನ್ಸುಲೇಟಿನ ಪತ್ರ ಇಟ್ಟುಕೊಂಡೇ ಇಲ್ಲಿ ಮಗುವನ್ನು ಶಾಲೆಗೆ ಸೇರಿಸಿದವರು ಯಾರಾದರೂ ಇದ್ದರೆ, ಇ-ಜನ್ಮ ಸಂಖ್ಯೆಯ ಜಾಗದಲ್ಲಿ ಏನು ತುಂಬಿಸಿದಿರಿ ಹೇಳಿ. ಧೈರ್ಯವಾಗಿರಿ ಅಂತ ಮಾತ್ರ ಬರೆಯಬೇಡಿ. ಧೈರ್ಯಕ್ಕೇನೂ ಕಮ್ಮಿ ಇಲ್ಲ, ನನಗೆ ಬೇಕಿರುವುದು ಸೀಲು.