ಶಾಲೆಯ ಗೇಟಿನಿಂದ ಶುರುಮಾಡಿ
ವಾರ್ಡಿಗೊಂದು ಜಾರುಬಂಡೆ, ಉಯ್ಯಾಲೆ ಹಾಕಿದರೆ ಹುಬ್ಬಳ್ಳಿ-ಧಾರವಾಡ ಮಕ್ಕಳಸ್ನೇಹಿ ಆಗಿಬಿಡುತ್ತದೆ ಎಂಬ ಲೇಖನದ ಮಾತು ಒಪ್ಪುವಂಥದ್ದಲ್ಲ. ಅವಳಿ ನಗರ ಸೇರಿದ್ದ 2020ರ ನರ್ಚರಿಂಗ್ ನೇಬರ್‌ಹುಡ್ಸ್ ಚಾಲೆಂಜ್ (ನಗರಗಳಿಗಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆ) ಇದ್ದದ್ದೇ ಐದು ವರ್ಷದೊಳಗಿನವರಿಗಾಗಿ. ಮೂರು ವರ್ಷದ ಮಗುವಿನ ಎತ್ತರ ಸುಮಾರು 95 ಸೆಂ.ಮೀ. ಶಾಲೆ ಗೇಟಿನ ಪಕ್ಕ ನಿಲ್ಲಿಸಿದ ಕಾರಿನ ಬಾನೆಟ್ಟೇ ಸಾಕು, ಮಗು ಚಾಲಕನಿಗೆ ಕಾಣದು, ಬರುವ ಗಾಡಿ ಮಗುವಿಗೂ ಕಾಣದು. ಮೊದಲ ಖರ್ಚು ಅಲ್ಲಾಗಲಿ: ದಾಟುವ ಜಾಗದ ಎರಡೂ ಬದಿ ಪಾರ್ಕಿಂಗ್ ಬಂದ್, ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಪಟ್ಟೆ. ಹಂಪ್ ಹಾಕುವುದಾದರೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಅಳತೆಯಂತೆ ಗಾಡಿ ಸಾಗುವ ದಿಕ್ಕಿಗೆ 3.7 ಮೀ. ಅಗಲ, 10 ಸೆಂ.ಮೀ. ಎತ್ತರ ಇರಲಿ. ಗುತ್ತಿಗೆದಾರರು ರಾತ್ರೋರಾತ್ರಿ ಸುರಿದುಹೋಗುವ ಡಾಂಬರು ಗುಡ್ಡೆ ಬೈಕಿನವರ ಬೆನ್ನು ಮುರಿಯುತ್ತದೆ. ಅಂಚಿನ ಸಂದಿಯಲ್ಲಿ ಆಟೊ ವೇಗ ಇಳಿಸದೆ ನುಸುಳುತ್ತದೆ.

ಇನ್ನು ಪಾರ್ಕು. ಕಾಂಕ್ರೀಟಿನ ಮೇಲೆ ಅಂಟಿಸಿದ ತೆಳು ರಬ್ಬರ್ ಮ್ಯಾಟ್ ಬಿಸಿಲಿಗೆ ಅಂಚು ಎದ್ದು, ಮಕ್ಕಳು ಎಡವುವುದು ಅದಕ್ಕೇ. ಉಯ್ಯಾಲೆ ಕೆಳಗೆ ಸುಮಾರು 30 ಸೆಂ.ಮೀ. ಸಡಿಲ ಮರಳು, ತಳದಲ್ಲಿ ನೀರು ಹರಿದುಹೋಗಲು ಜಲ್ಲಿ ಹಾಕಿ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬೇಡ, ಪುಡಿ ಜಾಸ್ತಿ, ಒಂದು ಮಳೆಗೆ ಗಟ್ಟಿ ಕೂರುತ್ತದೆ. ಅಂದಹಾಗೆ, ಮಧ್ಯಾಹ್ನ ಗೇಟಿಗೆ ಬೀಗ ಜಡಿಯುವ ಪಾರ್ಕಿಗೆ ಅಂಗನವಾಡಿ ಮಕ್ಕಳನ್ನು ಕರೆದೊಯ್ಯುವುದು ಯಾವಾಗ?